ಗೌರವ್ವನ ನಾಲ್ಕು ಚುಕ್ಕೆ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಮಗ್ಗುಲಾಗಿದ್ದೆ. ಫೋನು ಬಡಿದುಕೊಂಡಿತು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದೆನಲ್ಲ, ಆ ಆಸ್ಪತ್ರೆಯ ಹುಡುಗಿ. ನನ್ನ ಹೆಸರು ಹೇಳಿ, “ಅವರಽ ಏನ್ರಿ ಮಾತಾಡೋದು? ಕಣ್ಣು ಹೆಂಗೈತ್ರಿ ಈಗ?” ಎಂದಳು. “ಆರಾಮ ಐತವಾ” ಎಂದೆ. “ಥ್ಯಾಂಕ್ಸ್ ರೀ” ಎಂದು ಇಟ್ಟೇಬಿಟ್ಟಳು. ಇಷ್ಟು ಸುಲಭವೇ! ನನ್ನ ಬದಲು, ಕಸ ಹೊಡೆಯಲು ಬರುವ ಹೆಣ್ಣುಮಗಳು ಫೋನೆತ್ತಿ ಹಾಗೆಂದಿದ್ದರೂ ಅವಳ ಪಾಲಿಗೆ ನನ್ನ ಕಣ್ಣು ಗುಣವಾದಂತೆಯೇ. ನಿದ್ದೆ ಹಾರಿಹೋಯಿತು. ಯಾಕೆಂದರೆ ಒಂದು ಕಾಲಕ್ಕೆ ಇದೇ ನನ್ನ ಉದ್ಯೋಗವಾಗಿತ್ತು. ಫೋನಿಲ್ಲದ ದಿನಗಳಲ್ಲಿ ಊರೂರು ತಿರುಗಿ, ಬಾಗಿಲು ಬಾಗಿಲಿಗೆ ನಿಂತು, “ಆರಾಮ ಅದೀರೇನ್ರಿ?” ಎಂದು ಕೇಳುವುದು.

ಎಪ್ಪತ್ತರ ದಶಕ. ನಮ್ಮ ವಿಜಯಪುರ ಆಗಿನ್ನೂ ಬಿಜಾಪುರ. ನಾನು ಬಿ.ಎ. ಮುಗಿಸಿ, ಮದುವೆಯ ಮಾತೆತ್ತಿದವರ ಮೇಲೆ ಹರಿಹಾಯುತ್ತ ಕುಳಿತಿದ್ದೆ. ಊರಿನಲ್ಲಿ ಒಬ್ಬ ಹೆಂಗಸರ ಡಾಕ್ಟರು ಇದ್ದರು. ಎಲ್ಲರೂ ‘ಡಾಕ್ಟರಬಾಯಾರು’ ಎನ್ನುತ್ತಿದ್ದರು. ಅವರು ನನ್ನನ್ನು ನೋಡಿ, “ನಿನಗ ಮಾತಾಡಾಕ ಬರ್ತದ, ಬಸ್ಸಿನ್ಯಾಗ ವಾಂತಿ ಆಗೂದಿಲ್ಲ, ಅಷ್ಟು ಸಾಕು” ಎಂದು ಕೆಲಸಕ್ಕೆ ಇಟ್ಟುಕೊಂಡರು. ವಾಂತಿಯ ವಿಷಯ ನಾನು ಹೇಳಿದ್ದ ಸುಳ್ಳು. ಮೊದಲ ವಾರವೇ ಬಯಲಾಯಿತು.

ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆದ ಹೆಂಗಸರನ್ನು ಬಾಯಾರು ರಾಜ್ಯದ ಗಡಿಯಾಚೆಯ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು. ಅಲ್ಲಿ ಮೊದಲು ಯಂತ್ರದಿಂದ ಕಿರಣ, ಆಮೇಲೆ ರೇಡಿಯಂ. ನಮ್ಮ ಜನ ಎರಡಕ್ಕೂ ‘ಕರೆಂಟು ಕೊಡಸೋದು’ ಎಂದೇ ಹೆಸರಿಟ್ಟಿದ್ದರು. ಕಿರಣ ದಿನಾಲೂ ಒಂದೇ ಜಾಗಕ್ಕೆ ಬೀಳಬೇಕಲ್ಲ, ಅದಕ್ಕೆ ಕಿಬ್ಬೊಟ್ಟೆಯ ಮೇಲೆ ಸೂಜಿಯಿಂದ ಚುಚ್ಚಿ ಶಾಯಿಯ ನಾಲ್ಕು ಚುಕ್ಕೆ ಇಡುತ್ತಿದ್ದರು. ಆ ಚುಕ್ಕೆ ಅಳಿಸುವುದಿಲ್ಲ. ಎರಡನ್ನೂ ಸೇರಿಸಿ ಕೊಡುವ ಆ ಹೊಸ ರೀತಿಯಿಂದ ಹೆಂಗಸರು ನಿಜವಾಗಿ ಬದುಕುತ್ತಾರೋ ಇಲ್ಲವೋ ಎಂದು ತಿಳಿಯುವ ಹಠ ಬಾಯಾರಿಗೆ. ಊರಿಗೆ ಮರಳಿದವರು ವರ್ಷಗಳಾದ ಮೇಲೆ ಏನಾದರು ಎಂದು ಯಾರಿಗೂ ಗೊತ್ತಿರಲಿಲ್ಲ. “ಸಂಶೋಧನಾ ಅಂದ್ರ ದವಾಖಾನ್ಯಾಗ ಕುಂತು ಆಗೂದಲ್ಲ, ಬಸ್ಸು ಹತ್ತಿ ಆಗೂದು” ಎನ್ನುತ್ತಿದ್ದರು. ಬಸ್ಸು ಹತ್ತುವವಳು ನಾನು.

ತಿಕೋಟಾದ ಗೌರವ್ವ ಅವರ ಅಚ್ಚುಮೆಚ್ಚಿನವಳು. ರೋಗ ಬಲಿತ ಮೇಲೆ ಬಂದವಳು, ಕರೆಂಟು ಕೊಡಿಸಿಕೊಂಡು ಊರಿಗೆ ಹೋದವಳು ಮತ್ತೆ ಮುಖ ತೋರಿಸಿರಲಿಲ್ಲ. ನಾನು ಮೊದಲ ಸಲ ಅವಳ ಮನೆಗೆ ಹೋದಾಗ ಬಾಗಿಲಿಗೆ ಬಂದ ಹೆಂಗಸನ್ನು, “ಗೌರವ್ವ ಅಂದ್ರ ಯಾರ್ರಿ?” ಎಂದು ಕೇಳಿದೆ. “ನಾನಽ ರಿ.” “ಹೆಂಗದೀರಿ?” “ಆರಾಮ ಅದೀನ್ರಿ.” ಕೆನ್ನೆ ತುಂಬಿಕೊಂಡ, ಗಟ್ಟಿಮುಟ್ಟಾದ ಹೆಂಗಸು. ಗೌರವ್ವನ ಮುಖ ಕಂಡವರು ಬಾಯಾರು, ನಾನು ಕಂಡಿರಲಿಲ್ಲ. ಸುದ್ದಿ ಕೇಳಿ ಬಾಯಾರು ನನಗೆ ಚಹಾ ತರಿಸಿದರು, ಕುಡಿದಾದ ಮೇಲೆ ಮರೆತು ಮತ್ತೊಮ್ಮೆ ತರಿಸಿದರು. ಆಮೇಲೆ ಏನೋ ನೆನಪಾಗಿ, “ಮುಂದಿನ ಸಲ ಹೊಟ್ಟಿ ಮ್ಯಾಲಿನ ಚುಕ್ಕಿ ನೋಡಿಕೊಂಡು ಬಾ” ಎಂದರು.

ಅಷ್ಟರಲ್ಲಿ ನನ್ನ ಮನೆಯಲ್ಲೇ ಬೆಂಕಿ ಬಿತ್ತು. ಬಬಲೇಶ್ವರದಲ್ಲಿದ್ದ ಚಿಗವ್ವನಿಗೆ, ಮುಟ್ಟು ನಿಂತು ವರ್ಷಗಳಾದ ಮೇಲೆ, ಮತ್ತೆ ಕೆಂಪು ಕಾಣಿಸಿಕೊಂಡಿತು.

ಚಿಗವ್ವ ಯಾರೆಂದು ಹೇಳಬೇಕು. ನಾನು ಹೆಜ್ಜೆ ಹಾಕುವ ಮುಂಚೆಯೇ ನಮ್ಮವ್ವ ತೀರಿಹೋದಳು. ಅವ್ವನ ತಂಗಿಯನ್ನೇ ಅಪ್ಪನಿಗೆ ತಂದರು. ನನ್ನನ್ನು ಬೆಳೆಸಿದವಳು ಅವಳೇ. ನಮ್ಮ ಕಡೆ ಒಂದು ಪದ್ಧತಿ ಉಂಟು: ಹೆಂಡತಿ ತೀರಿದವನನ್ನು ಕಟ್ಟಿಕೊಳ್ಳುವವಳು, ತೀರಿದವಳ ಹೆಸರಿನಲ್ಲಿ ಬೆಳ್ಳಿಯ ಸಣ್ಣದೊಂದು ಮುಖ ಮಾಡಿಸಿ, ತಾಳಿಯ ಜೊತೆ ಕೊರಳಿಗೆ ಹಾಕಿಕೊಳ್ಳಬೇಕು. ಹಬ್ಬದ ಸೀರೆಯನ್ನು ಮೊದಲು ಆ ಮುಖಕ್ಕೆ ತೋರಿಸಿ ಆಮೇಲೆ ಉಡಬೇಕು. ಸತ್ತವಳು ಸಿಟ್ಟಾಗಬಾರದೆಂದು ಇದೆಲ್ಲ. ಚಿಗವ್ವನಿಗೆ ಅದರಲ್ಲಿ ಭಯವೇನೂ ಇದ್ದಂತಿರಲಿಲ್ಲ. ಅವಳ ಅಕ್ಕನೇ ತಾನೆ! ನನಗೆ ಉಣಿಸುವಾಗ ಆ ಬೆಳ್ಳಿ ಮುಖವನ್ನು ನನ್ನ ಕೈಗೆ ಕೊಟ್ಟು, “ಈ ತುತ್ತು ನಿಮ್ಮವ್ವಂದು” ಎನ್ನುತ್ತಿದ್ದಳು. ನಾನು ಅವ್ವನ ಪಾಲಿನದನ್ನೂ ತಿಂದು ದುಂಡಗಾಗಿ ಬೆಳೆದೆ.

ಬಾಯಾರು ಪರೀಕ್ಷೆ ಮಾಡಿ, ತಡ ಮಾಡಿದರೆ ಉಳಿಯುವುದಿಲ್ಲ, ಕರೆಂಟು ಕೊಡಿಸಲೇಬೇಕು ಎಂದರು. ಚಿಗವ್ವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. “ನಮ್ಮ ಓಣ್ಯಾಗಿಂದ ಕರೆಂಟಿಗೆ ಹ್ವಾದಾಕಿ ಒಬ್ಬಾಕೀರೆ ತಿರುಗಿ ಬಂದಾಳೇನು? ಬದುಕಿದಾಕಿನ್ನ ಒಬ್ಬಾಕಿನ್ನ ತೋರಸು. ಆಮ್ಯಾಲ ಮಾತಾಡು” ಎಂದಳು. ತೋರಿಸಲು ನನ್ನ ಹತ್ತಿರ ಗೌರವ್ವ ಇದ್ದಳಲ್ಲ! ಚಿಗವ್ವನನ್ನು ಕರೆದುಕೊಂಡು ತಿಕೋಟಾದ ಬಸ್ಸು ಹತ್ತಿದೆ.

ಇಳಿದಾಗ ನಡುಮಧ್ಯಾಹ್ನ. ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬೆಳಕು ಹೆಚ್ಚಾದರೂ ಹೆದರಿಕೆ ಬರುತ್ತದೆಂದು ನನಗೆ ಆವತ್ತು ತಿಳಿಯಿತು. ಗೌರವ್ವನ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಕತ್ತಲೆಯಲ್ಲಿ ಕಣ್ಣು ಹೊಂದುವ ತನಕ ನಿಂತೆವು. ಗೋಡೆಯ ಹತ್ತಿರ ಒಂದು ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ಇಟ್ಟಿತ್ತು. ಅದರ ಮುಂದೆ ಯಾರೂ ಕುಳಿತಿರಲಿಲ್ಲ. ಗೌರವ್ವ ನೀರು ತಂದು ಕೊಟ್ಟಳು. ಹೋಗುವಾಗ ಬರುವಾಗ ಆ ತಾಟಿಗೆ ಬೆನ್ನು ಮಾಡದಂತೆ ಒಂದು ಮಗ್ಗುಲಾಗಿ ನಡೆಯುತ್ತಿದ್ದಳು.

“ಕರೆಂಟ ಕೊಟ್ಟಾಗ ಭಾಳ ತ್ರಾಸ ಆಗ್ತದೇನು ತಂಗಿ?” ಎಂದು ಚಿಗವ್ವ ಕೇಳಿದಳು.

“ಉರಿ ಗಿರಿ ಏನಿಲ್ರಿ. ಒಬ್ಬಾಕಿನ್ನ ಒಳಗ ಮಲಗಿಸಿ ಎಲ್ಲಾರೂ ಹೊರಗ ಹೋಗ್ತಾರ. ದಪ್ಪ ಬಾಗಲಾ ಹಾಕ್ತಾರ. ಗ್ವಾಡ್ಯಾಗ ಸಣ್ಣ ಕಾಜಿನ ಕಿಡಕಿ ಐತ್ರಿ, ಅದರಾಗ ಒಂದು ಕಣ್ಣು ಕಾಣತೈತಿ. ಆ ಕಣ್ಣು ನೋಡ್ಕೋತ ಮಲಗೂದು. ಅದು ರೆಪ್ಪಿ ಬಡಿಯಂಗಿಲ್ಲ.”

ದನಿಯಲ್ಲಿ ಏರಿಳಿತವಿರಲಿಲ್ಲ, ಪಕ್ಕದ ಮನೆಯ ಸಂಗತಿ ಹೇಳಿದ ಹಾಗೆ ಹೇಳಿದಳು. ನಾನು ಗೆದ್ದೆನೆಂದುಕೊಂಡು, ಚುಕ್ಕೆ ತೋರಿಸಲು ಕೇಳಿದೆ. ಅವಳು ಸಂಕೋಚವಿಲ್ಲದೆ ಬೆಳಕಿಗೆ ಬಂದು ಸೀರೆಯನ್ನು ಸ್ವಲ್ಪ ಕೆಳಗೆ ಸರಿಸಿದಳು. ಇದ್ದವು. ಹಸಿರುಗಟ್ಟಿದ ನಾಲ್ಕು ಚುಕ್ಕೆ, ಇರಬೇಕಾದ ಜಾಗದಲ್ಲೇ. “ನೋಡಿದ್ಯಾ ಚಿಗವ್ವ?” ಎಂದು ತಲೆಯೆತ್ತಿದೆ. ಚಿಗವ್ವ ಚುಕ್ಕೆಗಳನ್ನು ನೋಡುತ್ತಿರಲಿಲ್ಲ. ಬಗ್ಗಿದ್ದ ಗೌರವ್ವನ ಕುಪ್ಪಸದೊಳಗಿಂದ ಜಾರಿ, ತಾಳಿಯ ಜೊತೆ ಒಂದು ಬೆಳ್ಳಿಯ ಮುಖ ತೂಗಾಡುತ್ತಿತ್ತು.

ಚಿಗವ್ವ ಮೆಲ್ಲಗೆ ಕೇಳಿದಳು: “ಇದು ಯಾರದು?”

“ಗೌರವ್ವಂದ್ರಿ.”

“ಮತ್ತ ನೀ ಯಾರು?”

“ನಾನೂ ಗೌರವ್ವ ರಿ.”

ಆಗ ಒಳಕೋಣೆಯಿಂದ ಅತ್ತೆ ಮುದುಕಿ ಗೋಡೆ ಹಿಡಿದುಕೊಂಡು ಬಂದಳು. ಕರೆಂಟು ಕೊಡಿಸಿಕೊಂಡು ಬಂದ ಸೊಸೆ ಆ ವರ್ಷವೇ ತೀರಿದ್ದಳು. ಎರಡನೆಯವಳನ್ನು ತಂದಾಗ ಅದೇ ಹೆಸರನ್ನು ಇಟ್ಟಿದ್ದರು.

“ಮತ್ತ ಆ ಚುಕ್ಕಿ?” ಎಂದೆ.

“ಆರಾಮ ಆಗ್ಲಿ ಅಂತ ಅಲ್ರಿ ಡಾಕ್ಟರ ಹಾಕಿದ್ದು? ಅಕಿಗೆ ಹಾಕೂದು ತಡಾ ಆತು. ಈಕಿಗೆ ಮೊದಲಽ ಹಾಕಿಸೀವಿ, ಆ ಬ್ಯಾನಿ ಹತ್ರ ಬರಬಾರದು ಅಂತ. ಹಚ್ಚಿ ಚುಚ್ಚೂ ಹೆಣಮಗಳು ಬಂದಿದ್ಲು. ಎಲ್ಲಿ ಹಾಕಬೇಕಂತ ನಾನಽ ತೋರಿಸೀನಿ. ಅಕಿ ಮೈ ತೊಳದಾಕಿ ನಾನಽ ಅಲ್ರಿ.”

“ಹೋದ ಸಲ ನಾ ಬಂದಾಗ, ಅಕಿ ಇಲ್ಲಾ ಅಂತ ಯಾಕ ಹೇಳಲಿಲ್ರಿ?”

ಮುದುಕಿ ಸೊಸೆಯ ಕೊರಳ ಕಡೆ ನೋಡಿ ದನಿ ತಗ್ಗಿಸಿದಳು. “ಸಣ್ಣಗ ಮಾತಾಡ್ರಿ. ಅಕಿ ಇಲ್ಲಾ ಅಂತ ಹೇಳಿದ್ರ ಅಕಿನಽ ಕೇಳಸ್ಕೋತಾಳ.”

ಆ ದಪ್ಪ ಬಾಗಿಲು, ಗಾಜಿನೊಳಗಿನ ಕಣ್ಣು? ದೊಡ್ಡ ಗೌರವ್ವ ಊರಿಗೆ ಬಂದ ಮೇಲೆ ಅಲ್ಲಿನ ಒಂದು ಮಾತನ್ನೂ ಆಡಲಿಲ್ಲ ಎಂದು ಮುದುಕಿ ಆಣೆ ಮಾಡಿದಳು. ಸಣ್ಣವಳು ಗಡಿ ದಾಟಿದವಳಲ್ಲ. ನಿನಗೆ ಯಾರು ಹೇಳಿದರೆಂದು ಅವಳನ್ನೇ ಕೇಳಿದೆ. ನನ್ನನ್ನು ವಿಚಿತ್ರವಾಗಿ ನೋಡಿ, “ಹಂಗಽ ಇರ್ತದಲ್ರಿ?” ಎಂದಳು. ಓದಿದವಳಾಗಿ ಏನಾದರೂ ಕಾರಣ ಹೊಂದಿಸಬಹುದು, ಹೊಂದಿಸಿಯೂ ನೋಡಿದ್ದೇನೆ. ಒಂದೂ ನಿಲ್ಲುವುದಿಲ್ಲ.

ಬಸ್ಸಿಗೆ ಕಾಯುತ್ತ ಬೇವಿನ ಮರದ ಕೆಳಗೆ ಕುಳಿತೆವು. ಚಿಗವ್ವನಿಗೆ ತೋರಿಸಲು ಇದ್ದ ಒಬ್ಬಳೂ ಸತ್ತಿದ್ದಳು. ಇನ್ನು ಇವಳನ್ನು ಉಳಿಸಿಕೊಳ್ಳುವ ದಾರಿಯೇ ಇಲ್ಲವೆಂದು ನನಗೆ ಅಳು ಬರುತ್ತಿತ್ತು. ಸಾರವಾಡದಲ್ಲಿ ಇನ್ನೊಬ್ಬಾಕಿ ಇದ್ದಾಳೆ, ಕನಮಡಿಯಲ್ಲಿ ಮತ್ತೊಬ್ಬಾಕಿ ಇದ್ದಾಳೆ ಎಂದು ಬಾಯಿಗೆ ಬಂದ ಊರುಗಳ ಹೆಸರು ಹೇಳತೊಡಗಿದೆ.

“ಸುಮ್ಮನಿರ ಹುಡುಗಿ” ಎಂದಳು ಚಿಗವ್ವ. ಸೆರಗಿನೊಳಗೆ ಕೈಹಾಕಿ ತನ್ನ ಕೊರಳಿನ ಬೆಳ್ಳಿ ಮುಖವನ್ನು ಹಿಡಿದುಕೊಂಡಳು. “ನಾ ಸತ್ತರ ಈ ವಯಸ್ಸಿನ್ಯಾಗ ನಿಮ್ಮಪ್ಪಗ ಯಾರೂ ಹೆಣ್ಣು ಕೊಡಂಗಿಲ್ಲ. ಆಮ್ಯಾಲ ನಿಮ್ಮವ್ವನ್ನ ಯಾರು ಕೊರಳಾಗ ಹಾಕೋತಾರ? ಅಕಿ ಇನ್ನೊಮ್ಮೆ ಸಾಯಬೇಕೇನು?” ಬಸ್ಸಿನ ಧೂಳು ದೂರದಲ್ಲಿ ಕಾಣಿಸಿತು. ಎದ್ದು ಸೀರೆ ಕೊಡವಿಕೊಂಡಳು. “ಕರೆಂಟಿಗೆ ಯಾವಾಗ ಹೋಗೂದು ಕೇಳು ನಿಮ್ಮ ಬಾಯಾರ್ನ.”

ಬಾಯಾರಿಗೆ ಎಲ್ಲ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಹಂಗಾರ ಗೌರವ್ವ ಹೋದ್ಲು” ಎಂದಷ್ಟೇ ಅಂದು, ಆವತ್ತು ಬೇರೆ ರೋಗಿಗಳನ್ನು ನೋಡಲಿಲ್ಲ. ಬದುಕಿದಳೆಂದು ತಾವು ಸಂತೋಷಪಟ್ಟಿದ್ದ ಹೆಂಗಸು ಸತ್ತಿದ್ದಳೆಂದು ಅವರು ಹೊಸದಾಗಿ ದುಃಖಪಟ್ಟರು. ಆದರೆ ಸತ್ತವರ ಲೆಕ್ಕ ಸರಿಯಾಗದೆ ಬದುಕುವವರಿಗೆ ದಾರಿ ಸಿಗುವುದಿಲ್ಲ ಎಂದು ಅವರೇ ಮರುದಿನ ನನಗೆ ತಿಳಿಸಿ ಹೇಳಿದರು.

ದೊಡ್ಡ ಆಸ್ಪತ್ರೆಯಲ್ಲಿ ಯಂತ್ರದ ಕೋಣೆಗೆ ಹೋಗುವ ಮುಂಚೆ ಮೈಮೇಲಿನದೆಲ್ಲ ತೆಗೆಯಬೇಕೆಂದರು. ಚಿಗವ್ವ ತಾಳಿಯನ್ನು ಅಪ್ಪನ ಕೈಗೆ ಕೊಟ್ಟಳು, ಬೆಳ್ಳಿ ಮುಖವನ್ನು ನನ್ನ ಕೈಗೆ. “ನೆಲಕ್ಕ ಇಡಬ್ಯಾಡ” ಎಂದಳು. ಅವಳ ಮೈಬಿಸಿ ಅದರಲ್ಲಿ ಇನ್ನೂ ಇತ್ತು. ಬಾಗಿಲು ಮುಚ್ಚಿದ ಮೇಲೆ, ಅವ್ವನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತೆ. ಹೊರಗೆ ಬಂದ ಚಿಗವ್ವ ನನ್ನ ಕಿವಿಯ ಹತ್ತಿರ ಬಗ್ಗಿ, “ಕಾಜಿನ್ಯಾಗ ಒಂದು ಕಣ್ಣು ಐತಿ. ಅಕಿ ಅಂದಂಗಽ ಐತಿ” ಎಂದಳು.

ಆಮೇಲೆ ವರ್ಷಕ್ಕೊಮ್ಮೆ ಬಬಲೇಶ್ವರಕ್ಕೂ ನಾನು ಕೆಲಸದ ಮೇಲೆಯೇ ಹೋಗಬೇಕಾಯಿತು. ಚಿಗವ್ವನ ಮುಂದೆ ಕುಳಿತು, ಪರಕೀಯಳಂತೆ, “ಹೆಂಗದೀರಿ?” ಎಂದು ಕೇಳುತ್ತಿದ್ದೆ. ಅವಳು ನಗದೆ, ಕೊರಳಿಗೆ ಕೈಹಚ್ಚಿ, “ಇಬ್ರೂ ಆರಾಮ ಅದೀವ್ರಿ” ಎನ್ನುತ್ತಿದ್ದಳು. ಪ್ರತಿ ವರ್ಷ ಅದೇ ಉತ್ತರ. ಬಾಯಾರಿಗೆ ನಾನು ಒಬ್ಬಳದನ್ನಷ್ಟೇ ತಿಳಿಸುತ್ತಿದ್ದೆ.

ಚಿಗವ್ವ ಚೆನ್ನಾಗಿ ಮುದುಕಿಯಾಗಿ, ಬೇರೇನೋ ಸಣ್ಣ ಜ್ವರದಿಂದ ತೀರಿಕೊಂಡಳು. ಮಣ್ಣು ಮಾಡುವಾಗ ಹಿರಿಯರು ಕೊರಳಿನ ಬೆಳ್ಳಿ ತೆಗೆಯಬೇಕೇ ಎಂದು ನನ್ನ ಮುಖ ನೋಡಿದರು. ಬೇಡವೆಂದೆ. ಅಕ್ಕತಂಗಿಯರು ಜೊತೆಯಾಗಿ ಹೋದರು. ಅವ್ವನದು ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಈಗ ನನಗೆ ಅವರಿಬ್ಬರಿಗಿಂತ ಹೆಚ್ಚು ವಯಸ್ಸು. ಕಣ್ಣು ಮುಚ್ಚಿ ಅವ್ವನನ್ನು ನೆನೆಸಿಕೊಂಡರೆ ಚಿಗವ್ವನ ಮುಖವೇ ಬಂದು ನಿಲ್ಲುತ್ತದೆ. ಮೊದಮೊದಲು, ‘ಅಲ್ಲ, ಇದು ಅವಳಲ್ಲ’ ಎಂದು ತಿದ್ದಿಕೊಳ್ಳುತ್ತಿದ್ದೆ. ಇತ್ತೀಚೆಗೆ ತಿದ್ದುವುದನ್ನು ಬಿಟ್ಟಿದ್ದೇನೆ.