ಅಣ್ಣ ಕಲಿಸಿದ ಎರಡು ಭೂತಕಾಲ

ಅಣ್ಣನಿಗೆ ಜ್ವರ ಹತ್ತುವ ಹಿಂದಿನ ದಿನ ಭಾನುವಾರ. ಅವನ ಹರಿಹರದ ಕಾರ್ಖಾನೆಗೆ ರಜೆ. ನಿಟ್ಟುವಳ್ಳಿಯ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ. ನಾನು ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮೊರದಿಂದ ತಲೆ ಎತ್ತದೆ ನಾನು ಪಾಠ ಒಪ್ಪಿಸಬೇಕು, ಚೈನಿನಿಂದ ತಲೆ ಎತ್ತದೆ ಅವನು ತಿದ್ದಬೇಕು. ಪಾಠ ಸ್ಪ್ಯಾನಿಷ್ ಭಾಷೆಯದು.

"'ಬಂದ' ಅನ್ನಾಕೆ?"

"ಬಿನೊ."

"'ಬರ್ತಿದ್ದ'?"

"ಬೆನೀಯ."

"ನಿನ್ನೆ ಮಾವ ಬಂದ. ಇಲ್ಲಿ ಯಾವ್ದು?"

"ಬೆನೀಯ."

"ನಿನ್ನ ತಲಿ. ಮಾವ ಒಂದ್ಸಲ ಬಂದ, ಉಂಡ, ಹೋದ. ದಿನಾ ಬಂದು ಕುಂತ್ರೆ ಅವ್ವ ಸುಮ್ಕೆ ಬಿಡ್ತಾಳೇನು?"

"ನಮ್ಮಣ್ಣನ ಸುದ್ದಿಗೆ ಬರಬ್ಯಾಡ್ರಿ" ಎಂದು ಅವ್ವ ಒಳಗಿನಿಂದಲೇ ಗದರಿದಳು. ನಾವಿಬ್ಬರೂ ನಕ್ಕೆವು.

ಈ ಭಾಷೆ ನಮ್ಮ ಮನೆಗೆ ಬಂದದ್ದು ಒಂದು ಯಂತ್ರದ ದೆಸೆಯಿಂದ. ಅಣ್ಣ ಫಿಟ್ಟರ್ ಆಗಿದ್ದ ಕಾರ್ಖಾನೆಗೆ ಸ್ಪೇನ್ ದೇಶದ ಯಂತ್ರವೊಂದು ಬಂತು. ಜೊತೆಗೆ ಬಂದ ಪುಸ್ತಕ ಯಾರಿಗೂ ಓದಲು ಬರಲಿಲ್ಲ. ಹರಿಹರದ ಒಂದು ಸಣ್ಣ ದವಾಖಾನೆಯಲ್ಲಿ ಅದೇ ದೇಶದ ಕ್ರೈಸ್ತ ಸನ್ಯಾಸಿನಿಯೊಬ್ಬರು ರೋಗಿಗಳ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದರು. ಜನ ಅವರನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ಅಣ್ಣ ಪುಸ್ತಕ ಹಿಡಿದು ಅವರ ಬಾಗಿಲಿಗೆ ಹೋದ. ಕೆಲವು ತಿಂಗಳಲ್ಲಿ ಯಂತ್ರ ತಿರುಗಿತು. ಅಣ್ಣ ಮಾತ್ರ ಕಲಿಯುವುದನ್ನು ಬಿಡಲಿಲ್ಲ.

"ಆ ಪುಸ್ತಕದಾಗ ಬರೀ ಹುಕುಂ ಐತೆ. ತಿರುಗ್ಸು, ಬಿಗಿ ಮಾಡು, ಎಣ್ಣಿ ಬಿಡು. ಮನುಷ್ಯರು ಹೆಂಗೆ ಮಾತಾಡ್ತಾರೆ ಅಂತ ಗೊತ್ತಾಗಬ್ಯಾಡೇನು?" ಎನ್ನುತ್ತಿದ್ದ. ಏಳನೇ ಇಯತ್ತೆ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಎದುರಿಗೆ ಕೂಡಿಸಿಕೊಂಡ. ಮಾತಾಡಿ ರೂಢಿ ಮಾಡಿಕೊಳ್ಳಲು ಅವನಿಗೆ ಇನ್ನೊಬ್ಬರು ಬೇಕಿತ್ತು.

ಪದಗಳು ನನಗೆ ಬೇಗ ಬಂದವು. ಯಾವ ಭೂತಕಾಲವನ್ನು ಯಾವಾಗ ಹೇಳಬೇಕೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಇವತ್ತು ನಡೆದು ಇನ್ನೂ ಕೈಯಲ್ಲೇ ಇರುವಂಥದ್ದಕ್ಕೆ ಒಂದು ರೂಪ. ನಡೆದು ಮುಗಿದದ್ದಕ್ಕೆ ಇನ್ನೊಂದು. ನಡೆಯುತ್ತಲೇ ಇದ್ದದ್ದಕ್ಕೆ ಮತ್ತೊಂದು. ಕೊನೆಯ ಎರಡರಲ್ಲಿ ನಾನು ಸದಾ ಎಡವುತ್ತಿದ್ದೆ. ಒಂದು ಸಂಜೆ ಅಣ್ಣ ಬೇಸತ್ತು ನನ್ನನ್ನು ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋದ. ಒಲೆಯಲ್ಲಿ ಹೊಟ್ಟು ಉರಿಯುತ್ತಿತ್ತು. ಭಟ್ಟಿಯವನು ಕಾದ ಮರಳಿಗೆ ಅಕ್ಕಿ ಸುರಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಾಣಲೆ ತುಂಬ ಬಿಳಿ.

"ಬೆಂಕಿ ಏನ್ ಮಾಡ್ತಿತ್ತು?"

"ಉರೀತಿತ್ತು."

"ಯಾವಾಗಿಂದ?"

"ನಂಗೇನ್ ಗೊತ್ತು? ನಾವು ಬರೂಕಿಂತ ಮೊದ್ಲಿಂದ."

"ಅದು ಬೆನೀಯ ಜಾತಿ. ಮಂಡಕ್ಕಿ?"

"ಅರಳ್ತು."

"ಅದು ಬಿನೊ ಜಾತಿ. ಇಷ್ಟ ನೋಡು."

ನಾನು ಅಲ್ಲೇ ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಕನ್ನಡದಲ್ಲಿ ಹೀಗೇ ಆಡುತ್ತ ಬಂದಿದ್ದೇನೆ, ಒಂದು ದಿನವೂ ತಪ್ಪಿಲ್ಲ, ತಪ್ಪಿಲ್ಲವೆಂದು ಗೊತ್ತೂ ಇಲ್ಲ. ಸಮುದ್ರದಾಚೆ ಯಾರೋ ಒಂದು ಹೆಣ್ಣುಮಗಳು ಒಲೆಯ ಮುಂದೆ ಕೂತು ಇದೇ ಉರಿಯನ್ನೂ ಇದೇ ಅರಳುವುದನ್ನೂ ಬೇರೆ ಬೇರೆ ಇಟ್ಟು ಮಾತಾಡುತ್ತಿರಬೇಕು. ಅಣ್ಣ ಮಂಡಕ್ಕಿ ಮೆಲ್ಲುತ್ತ, "ದೆವ್ವ ಮೆಟ್ಟಿಕೊಂತೇನು?" ಎಂದು ಕಾಡಿದ. ತಿಳಿದ ಮೇಲೂ ನಾಲಿಗೆ ತಪ್ಪುವುದು ಮಾತ್ರ ನಿಲ್ಲಲಿಲ್ಲ.

ಆಮೇಲೆ ಸಿಸ್ಟರಮ್ಮನಿಗೆ ದೂರದ ಊರಿಗೆ ವರ್ಗವಾಯಿತು. ಪಾಠ ಅಂಚೆಯಲ್ಲಿ ನಡೆಯಿತು. ನಾವು ಬರೆದ ಹಾಳೆಯ ಮೇಲೇ ಅವರು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ, ಅದೇ ಹಾಳೆಯನ್ನು ತಿರುಗಿ ಕಳಿಸುತ್ತಿದ್ದರು.

ಆ ಭಾನುವಾರದ ಮರುದಿನ ಅಣ್ಣ ಜ್ವರ ಹೊತ್ತು ಮನೆಗೆ ಬಂದ. ಒಂಬತ್ತನೆಯ ದಿನ ಹೋಗಿಬಿಟ್ಟ.

ಕಾರ್ಯಗಳೆಲ್ಲ ಮುಗಿದ ಮೇಲೆ ಸಿಸ್ಟರಮ್ಮನಿಗೆ ತಿಳಿಸುವುದು ನನ್ನ ಪಾಲಿಗೆ ಬಂತು. ಆ ಭಾಷೆಯಲ್ಲೇ ಬರೆದೆ. ಅವನು ತೀರಿಕೊಂಡ ಎಂದು ಮೊದಲ ಸಾಲು. ಆಮೇಲೆ ಕೈ ನಿಲ್ಲಲಿಲ್ಲ. ಅವನು ಹೇಗಿದ್ದ, ದಿನವೂ ಏನು ಮಾಡುತ್ತಿದ್ದ ಎಂಬುದನ್ನೆಲ್ಲ ಬರೆದೆ. ಅವನು ಮರೆಯಾಗುವುದಕ್ಕೆ ಮೊದಲು ಹಿಡಿದಿಡಬೇಕೆಂಬ ಆತುರ ನನಗೆ. ಕ್ರಿಯಾಪದಗಳನ್ನು ಮಾತ್ರ ಎಲ್ಲ ಕಡೆಯೂ ಮುಗಿದ ರೂಪದಲ್ಲೇ ಹಾಕಿದೆ. ಮನುಷ್ಯನೇ ಮುಗಿದ ಮೇಲೆ ಇನ್ನು ಯಾವುದು ಉಳಿಯುತ್ತದೆ ಎಂದುಕೊಂಡಿದ್ದೆ.

ಹಾಳೆ ತಿರುಗಿ ಬಂತು. ಹೊಸ್ತಿಲ ಹೊರಗೆ ನಿಂತು ಬಿಚ್ಚಿದೆ. ಕೆಂಪು ಗುರುತು ಆರು ಕಡೆ. ತೀರಿಕೊಂಡ ಎಂಬುದನ್ನು ಸಿಸ್ಟರಮ್ಮ ಮುಟ್ಟಿರಲಿಲ್ಲ. ಉಳಿದ ಆರನ್ನೂ ನಡೆಯುತ್ತಿದ್ದ ರೂಪಕ್ಕೆ ತಿದ್ದಿದ್ದರು. ಸಂಜೆ ರೈಲಿಗೆ ಬಂದ ಎಂದು ನಾನು ಬರೆದಿದ್ದರೆ ಅವರು ಬರುತ್ತಿದ್ದ ಎಂದು ಮಾಡಿದ್ದರು. ಓದುತ್ತ ಹೋದಂತೆ ಅಣ್ಣ ಬರುತ್ತಿದ್ದ, ಕೂಗುತ್ತಿದ್ದ, ನಗುತ್ತಿದ್ದ. ಎಲ್ಲಿಯೂ ಅದು ನಿಂತಿತೆಂದು ಬರೆದಿರಲಿಲ್ಲ. ಸಾವು ಒಂದೇ ಸಾಲಿನಲ್ಲಿತ್ತು. ಉಳಿದ ಹಾಳೆಯೆಲ್ಲ ಅವನದೇ. ಕೆಳಗೆ ಸೊಟ್ಟಗಿನ ಕನ್ನಡ ಅಕ್ಷರದಲ್ಲಿ ಎರಡು ಮಾತು: "ಇನ್ನೂ ಬರಿ."

ಅವ್ವನಿಗೆ ಓದು ಬಾರದು. ಬಾಗಿಲಿಗೆ ಬಂದು, "ಅದ್ರಾಗ ನಿಮ್ಮಣ್ಣ ಹೋದ ಸುದ್ದಿ ಐತೇನು?" ಎಂದಳು.

"ಐತೆ."

"ಅಂಥಾ ಕಾಗದ ಒಳಗ ತರಬಾರ್ದು, ಕೊಡಿಲ್ಲಿ."

"ಅವ್ವ, ಇದು ಪಾಠದ ಹಾಳಿ…"

"ಯಾವ್ದಾದ್ರೂ ಆಗ್ಲಿ. ಇನ್ನೊಂದು ಜೀವ ಹೋಗೂದು ಬ್ಯಾಡ ಈ ಮನಿಯಾಗ."

ಕಿತ್ತುಕೊಂಡು ಚೂರು ಚೂರು ಮಾಡಿ ಚರಂಡಿಗೆ ಹಾಕಿದಳು. ಕೈ ತೊಳೆದುಕೊಂಡಳು. "ಹೋಗು, ನೀರು ಹಾಕ್ಕೋ" ಎಂದಳು. ಅವಳದೇನೂ ತಪ್ಪಿಲ್ಲ. ಸಾವಿನ ಸುದ್ದಿಯ ಕಾರ್ಡನ್ನು ನಮ್ಮ ಮನೆಯಲ್ಲಿ ಯಾವತ್ತೂ ಹೊಸ್ತಿಲಾಚೆಯೇ ಓದಿ ಹರಿಯುತ್ತಿದ್ದರು. ನಾನೇ ಎಷ್ಟೋ ಕಾರ್ಡು ಓದಿ ಹೇಳಿ ಹರಿದಿದ್ದೆ. ಸಿಸ್ಟರಮ್ಮ ಅದೇ ಹಾಳೆಯನ್ನು ತಿರುಗಿ ಕಳಿಸುತ್ತಾರೆಂಬುದೂ ಗೊತ್ತಿತ್ತು. ಆದರೂ ಸಾವನ್ನು ಬರೆದ ಹಾಳೆಯಲ್ಲೇ ಅಣ್ಣನನ್ನೂ ಬರೆದೆ. ಇನ್ನೊಂದು ಹಾಳೆ ತೆಗೆದುಕೊಳ್ಳಬಹುದಿತ್ತು. ಹೊಳೆಯಲಿಲ್ಲ.

ಸಿಸ್ಟರಮ್ಮನಿಗೆ ಮತ್ತೆ ಬರೆದೆ. ಅವರು ತಮ್ಮ ದೇಶಕ್ಕೆ ಹೋಗಿಯಾಗಿತ್ತು. ಆ ಕಾಗದ ಮುಟ್ಟಲಿಲ್ಲ.

ಹರಿದ ದಿನ ಸಂಜೆಯೇ ಹಳೆಯ ನೋಟುಬುಕ್ಕು ತೆಗೆದು, ತಿದ್ದಿದ ಸಾಲುಗಳನ್ನು ನೆನಪಿನಿಂದ ಬರೆಯಲು ಕೂತೆ. ಅವನು ಸಂಜೆ ರೈಲಿಗೆ ಬರುತ್ತಿದ್ದ. ಸೈಕಲ್ಲಿನಿಂದ ಇಳಿಯುವ ಮೊದಲೇ ಓಣಿಯ ಬಾಯಿಂದ ನನ್ನನ್ನು ಕೂಗುತ್ತಿದ್ದ. ಮೊದಲ ರೊಟ್ಟಿಯನ್ನು ಒಲೆಯ ಹತ್ತಿರ ನಿಂತೇ ತಿನ್ನುತ್ತಿದ್ದ. ನಾನು ತಪ್ಪಿದರೆ ನಗುತ್ತಿದ್ದ.

ನಾಲ್ಕು ಸಾಲು ಬಂದವು. ಅವನು ಮಾಡುತ್ತಿದ್ದ ಇನ್ನೆರಡನ್ನು ನಾನು ಬರೆದಿದ್ದೆ. ಅವು ಏನೆಂದು ನನಗೆ ಈಗಲೂ ನೆನಪಾಗಿಲ್ಲ.