ಬ್ರೊಸ್ನೆ ಮನೆತನದ ಕೊನೆಯ ಬ್ಯಾರನ್

ನಮ್ಮೂರ ಬ್ಯಾರನ್ ಆನ್ಸೆಲ್ಮ್ ದ ಬ್ರೊಸ್ನೆ ಹತ್ತು ಹಸು ಕಟ್ಟಿಕೊಂಡು ಬದುಕುತ್ತಿದ್ದರು. ರಾಜ ಕೊಟ್ಟ ಪದವಿ ಅಪ್ಪನಿಂದ ಹಿರಿಮಗನಿಗೆ ಇಳಿಯುತ್ತ ಒಂಬತ್ತು ತಲೆಮಾರು ದಾಟಿತ್ತು. ಒಬ್ಬನ ತಲೆಯನ್ನು ಫ್ರೆಂಚ್ ಕ್ರಾಂತಿಯವರು ಕಡಿದರು, ಇನ್ನೊಬ್ಬ ಕೋಟೆಮನೆಯನ್ನು ಜೂಜಿನಲ್ಲಿ ಕಳೆದ. ಇವರ ಪಾಲಿಗೆ ಉಳಿದದ್ದು ಹೆಸರು ಮತ್ತು ಒಂದು ಕೊಟ್ಟಿಗೆ.

"ಏನ್ ಬ್ಯಾರನ್ರೇ, ಸಗಣಿ ಬಾಚೋಕೆ ಇವತ್ತು ಸೇವಕರು ಬರ್ಲಿಲ್ವಾ?" ಎಂದು ಬ್ರೆಡ್ ಅಂಗಡಿಯವನು ಕೆಣಕುತ್ತಿದ್ದ.

"ರಜಾ ಕೊಟ್ಟಿದೀನಪ್ಪ, ನೂರೈವತ್ತು ವರ್ಷದಿಂದ."

ನಾನು ಲಿಯೊಂತಿನ್, ಮೇಯರ್ ಕಚೇರಿಯ ಗುಮಾಸ್ತೆ. ಅವರ ಬದುಕು ಕೆಟ್ಟಿದ್ದರಲ್ಲಿ ನನ್ನ ಕೈಯೂ ಇದೆ. ಮುಚ್ಚಿಡುವುದಿಲ್ಲ.

ನಲವತ್ತನೇ ಇಸವಿಯ ಜೂನ್. ಜರ್ಮನ್ನರು ಬರುತ್ತಾರೆಂದು ಆಗಿನ ಮೇಯರ್, ಆ ಪುಕ್ಕಲ, ಕಂಬಿ ಕಿತ್ತಿದ್ದ. ಸಿಪಾಯಿಯಾಗಿದ್ದ ಆನ್ಸೆಲ್ಮ್ ಒಂದು ದಿನದ ರಜೆಯಲ್ಲಿ ನೊಯೆಮಿಯನ್ನು ಕರೆದುಕೊಂಡು ಬಂದರು, ಮದುವೆಯಾಗಲು. ನಮ್ಮಲ್ಲಿ ಕಾನೂನಿಗೆ ಕಚೇರಿಯಲ್ಲಿ ಮೇಯರ್ ಎದುರು ಆದದ್ದೇ ಮದುವೆ, ಚರ್ಚಿನದು ಆಮೇಲೆ. ನಾನು ಮಹಾ ಜಾಣೆಯ ಹಾಗೆ, "ಮೊದಲು ಪಾದ್ರಿಗಳ ಹತ್ರ ಮುಗಿಸ್ಕೊಳ್ಳಿ. ಮೇಯರ್ ಬಂದ್ಮೇಲೆ ರುಜು ಹಾಕಿದ್ರಾಯ್ತು" ಎಂದುಬಿಟ್ಟೆ. ಪಾದ್ರಿಗಳೂ ಒಪ್ಪಿ ಚರ್ಚಿನಲ್ಲಿ ಮದುವೆ ಮಾಡಿಸಿದರು.

ವಾರದೊಳಗೆ ಆನ್ಸೆಲ್ಮ್ ಸೆರೆಯಾದರು. ಸೆರೆಯಾಳು ಒಪ್ಪಿಗೆ ಬರೆದು ಕಳಿಸಿಯೂ ಮದುವೆಯಾಗಬಹುದಿತ್ತು. ಕಾಗದ ಜರ್ಮನಿಗೆ ಹೋಗಿ ರುಜುವಾಗಿ ನನ್ನ ಮೇಜಿಗೆ ಬಂದಾಗ, ತಿಬೊನನ್ನು ಹೆತ್ತು ಸತ್ತ ನೊಯೆಮಿಯನ್ನು ಹೂಳಿ ಒಂಬತ್ತು ದಿನವಾಗಿತ್ತು.

ತಿಬೊಗೆ ಇಪ್ಪತ್ನಾಲ್ಕಾಗಿ ಮದುವೆ ಗೊತ್ತಾದಾಗ, ಪದವಿ ಅವನಿಗೆ ಸಲ್ಲಬೇಕೆಂದು ಆನ್ಸೆಲ್ಮ್ ಪ್ಯಾರಿಸ್ಸಿನ ಸರ್ಕಾರಕ್ಕೆ ಬರೆದರು. ಮದುವೆಯೊಳಗೆ ಹುಟ್ಟಿದ ಮಗನಿಗಷ್ಟೇ ಪದವಿ, ಅದು ನಿಮ್ಮೊಂದಿಗೆ ಮುಗಿಯುತ್ತದೆ ಎಂದು ಉತ್ತರ ಬಂತು. ಅದನ್ನು ಹಿಡಿದು ಅವರು ನನ್ನೆದುರು ಕುಳಿತರು.

"ಪದವಿ ಕಟ್ಕೊಂಡು ನನಗೇನಾಗ್ಬೇಕು ಲಿಯೊಂತಿನ್? ಅದು ತಿಬೊಗೆ ಸಿಕ್ಕಿದ್ರೆ ನೊಯೆಮಿ ನನ್ನ ಹೆಂಡ್ತಿ ಅಂತ ಸರ್ಕಾರವೇ ಒಪ್ಪಿದ ಹಾಗಾಗ್ತಿತ್ತು." ಆಮೇಲೆ, "ಅವನ ಮದುವೆ ದಾಖಲೇಲಿ ಅವಳ ಹೆಸರಿನ ಮುಂದೆ 'ಪತ್ನಿ' ಅಂತ ಒಂದು ಮಾತು ಸೇರಿಸಿಬಿಡು. ಯಾರು ನೋಡ್ತಾರೆ?" ಎಂದರು.

"ಸುಳ್ಳು ಬರೆದ್ರೆ ನಾಳೆ ಹುಡುಗನ ಮದುವೆಗೇ ಕುತ್ತು ಬರುತ್ತೆ ಬ್ಯಾರನ್ರೇ. ಒಂದ್ಸಲ ನಾನು ಸಲೀಸು ಮಾಡಿಕೊಡೋಕೆ ಹೋಗಿ ಆಗಿದ್ದು ಸಾಕಲ್ವಾ?"

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಟರು.

ಶನಿವಾರ ಕಚೇರಿಯ ಸಭಾಂಗಣ ತುಂಬಿತ್ತು. ಈಗಿನ ಮೇಯರ್ ಎದ್ದು ನಿಂತು ನಾನು ಬರೆದುಕೊಟ್ಟದ್ದನ್ನು ಓದಿದರು: "ವರ ತಿಬೊ, ತಂದೆ ಆನ್ಸೆಲ್ಮ್ ದ ಬ್ರೊಸ್ನೆ, ತಾಯಿ ನೊಯೆಮಿ ತರಾದ್, ಮೃತರು..."

"ನನ್ನ ಹೆಂಡತಿ," ಎಂದರು ಆನ್ಸೆಲ್ಮ್, ಮುಂದಿನ ಸಾಲಿನಿಂದ ಎದ್ದು.

ಮೇಯರ್ ಓದು ನಿಲ್ಲಿಸಿ ನನ್ನತ್ತ ನೋಡಿದರು. ದಾಖಲೆಯಲ್ಲಿ ಹಾಗಿಲ್ಲವೆಂದು ನಾನು ತಲೆಯಾಡಿಸಿದೆ. ಅವರು ವಧುವಿನ ಹೆಸರು ಓದತೊಡಗಿದರು.