ನೋಡಿದವರ ಸಹಿ

ಮಾಡಿದವನೇ ನೋಡಿದವನೂ ಆಗಬಾರದು ಎಂಬುದು ವಿಮಾನ ಕಾರ್ಖಾನೆಯ ನಿಯಮ. ಒಬ್ಬ ನಟ್ಟು ಬಿಗಿದರೆ ಇನ್ನೊಬ್ಬ ಬಂದು ಅದನ್ನು ಕಣ್ಣಾರೆ ನೋಡಿ, ಕೆಲಸದ ಕಾರ್ಡಿನ ಮೇಲೆ ತನ್ನ ಮುದ್ರೆ ಒತ್ತಬೇಕು. ನಾಸಿಕದ ಹತ್ತಿರದ ಓಝರ್‌ನ ನಮ್ಮ ಶಾಪಿನಲ್ಲಿ ಹತ್ತೊಂಬತ್ತು ವರ್ಷ ಹಾಗೆ ಮುದ್ರೆ ಒತ್ತಿದವರು ಭಾಲ್ಕಿ ಕಡೆಯ ಮನ್ಮಥಪ್ಪನವರು. ನಾವೆಲ್ಲ ಆ ನಿಯಮವನ್ನು ಗೇಟಿನಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದೆವು. ಅವರು ಮಾತ್ರ ಅದನ್ನು ಕ್ವಾರ್ಟರ್ಸಿಗೂ ಹೊತ್ತು ತರುತ್ತಿದ್ದರು.

ಅವರ ಹತ್ತಿರ ಒಂದು ಹಳೇ ಜಪಾನೀ ಗಾಡಿ ಇತ್ತು. ಡಾಂಬರಿನ ಮೇಲೂ ಓಡುವ, ಹೊಲದ ದಾರಿಗೂ ಇಳಿಯುವ, ಎತ್ತರದ ಸೀಟಿನ ಬೈಕು. ಸಿನ್ನರ್‌ನ ಒಂದು ಫ್ಯಾಕ್ಟರಿಗೆ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರ್ ಒಬ್ಬ ೧೯೯೭ರಲ್ಲಿ ವಾಪಸು ಹೋಗುವಾಗ ಇವರಿಗೆ ಮಾರಿದ್ದ. ಅದರ ಸಾಮಾನು ನಾಸಿಕದಲ್ಲಿ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಮನ್ಮಥಪ್ಪನವರು ಬೇರೆ ಮೆಕ್ಯಾನಿಕ್ಕಿನ ಕೈಗೆ ಅದನ್ನು ಕೊಡುವವರಲ್ಲ. ಸೈಲೆನ್ಸರ್ ತುಕ್ಕು ಹಿಡಿದು ತೂತಾದರೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಸುತ್ತಿ ಕ್ಲಿಪ್ಪು ಬಿಗಿಯುವರು. ಎಂಜಿನ್ನಿಗೂ ಸೈಲೆನ್ಸರಿನ ಪೈಪಿಗೂ ನಡುವೆ ಕೂರುವ ತಾಮ್ರದ ಬಳೆಯನ್ನು ಅಡಿಗೆ ಒಲೆಯ ಮೇಲೆ ಕೆಂಪಗೆ ಕಾಯಿಸಿ, ನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಮತ್ತೆ ಕೂಡಿಸುವರು. ಕುಲುಕು ತಡೆಯುವ ಮುಂದಿನ ಶಾಕಪ್ ಕುಸಿದು, ತಗ್ಗು ಬಂದಾಗಲೆಲ್ಲ ಹ್ಯಾಂಡಲ್ ಬಡಿಯತೊಡಗಿದಾಗ ನೀರಿನ ಪಿವಿಸಿ ಪೈಪಿನ ಎರಡು ತುಂಡು ಕೊಯ್ದು ಒಳಗಿನ ಸ್ಪ್ರಿಂಗುಗಳ ತಲೆಯ ಮೇಲೆ ಇಟ್ಟರು. ಒಂದು ತುಂಡು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದವಾಯಿತೆಂದು ಎರಡನ್ನೂ ಬಿಸಾಕಿ ಹೊಸದಾಗಿ ಕೊಯ್ದರು. ಅವತ್ತು ಗಾಡಿಯನ್ನು ಎತ್ತಿ ಹಿಡಿದುಕೊಂಡು ನಿಂತಿದ್ದವನು ಪಕ್ಕದ ಮನೆಯ ನಾನು, ಗೋವಿಂದ. ನನ್ನ ತಲೆ ಚಿಟ್ಟು ಹಿಡಿದುಹೋಗಿತ್ತು.

ಇಷ್ಟೇ ಆಗಿದ್ದರೆ ಅವರೊಬ್ಬ ಗಾಡಿ ಹುಚ್ಚರು ಎಂದು ಬಿಡಬಹುದಿತ್ತು. ಆದರೆ ಆ ಗಾಡಿಗೊಂದು ನೋಟ್‌ಬುಕ್ಕೂ ಇತ್ತು. ಅದರಲ್ಲಿ ಮೂರು ಕಾಲಂ: ಮಾಡಿದ ಕೆಲಸ, ಮಾಡಿದವರು, ನೋಡಿದವರು. ಮಾಡಿದವರು ಯಾವಾಗಲೂ ಮನ್ಮಥಪ್ಪ. ಮನೆಯಲ್ಲಿ ಬೇರೆ ಇನ್‌ಸ್ಪೆಕ್ಟರ್ ಎಲ್ಲಿಂದ ಬರಬೇಕು? ಹಾಗಾಗಿ ನೋಡಿದವರು ಅವರ ಹೆಂಡತಿ ಚನಬಸವ್ವ. ಅವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಕೆಲಸ ಮುಗಿದ ಮೇಲೆ ಮನ್ಮಥಪ್ಪನವರು ನೋಟ್‌ಬುಕ್ಕು ಪೆನ್ನು ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಲ್ಲುವರು. ವೈನಿ ಹಿಟ್ಟಿನ ಕೈ ಸೆರಗಿಗೆ ಒರೆಸಿ, ಅಂಗಳದ ಕಡೆ ಒಮ್ಮೆ ಮುಖ ತಿರುಗಿಸಿ, ಸಹಿ ಹಾಕಿ ರೊಟ್ಟಿ ಬಡಿಯಲು ಹೋಗುವರು. ಇಡೀ ಕಾಲೊನಿ ಇದನ್ನು ಹೇಳಿಕೊಂಡು ನಗುತ್ತಿತ್ತು. ಮನ್ಮಥಪ್ಪನವರಿಗೆ ಮಾತ್ರ ಅದು ನಗುವ ವಿಷಯವಲ್ಲ. ಸಹಿ ಬೀಳದೆ ಗಾಡಿ ಅಂಗಳ ದಾಟುತ್ತಿರಲಿಲ್ಲ.

ಕಾರ್ಖಾನೆಯಲ್ಲೂ ಅವರು ಅಷ್ಟೇ ಖಡಕ್ಕು. ಮೈಸೂರಿನ ಕೃಷ್ಣರಾಜ ಎಂಬ ಇನ್‌ಸ್ಪೆಕ್ಟರ್ ಒಮ್ಮೆ ಚಹಾದ ಅವಸರದಲ್ಲಿ, ಬಗ್ಗಿ ನೋಡದೆಯೇ ಒಂದು ಕಾರ್ಡಿಗೆ ಮುದ್ರೆ ಒತ್ತಿದ. ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಮನ್ಮಥಪ್ಪನವರು ಮೇಲಿನವರಿಗೆ ಬರೆದು ಕೊಟ್ಟರು, ಕೃಷ್ಣರಾಜ ಮುದ್ರೆ ವಾಪಸು ಕೊಡಬೇಕಾಯಿತು. ಅವರೊಂದಿಗೇ ಊಟದ ಡಬ್ಬಿ ಹಂಚಿಕೊಳ್ಳುತ್ತಿದ್ದ ಗೆಳೆಯ ಅವನು. "ದೋಷ ಇರಲಿಲ್ಲಂತ ಅಂವಗ ಹ್ಯಾಂಗ ಗೊತ್ತು? ನೋಡಿದ್ದನೇನು?" ಎಂದರು. ನನಗೆ ಆಗ ಅವರ ಮೇಲೆ ಸಿಟ್ಟು ಬಂದಿತ್ತು. ಒಂದು ತಿಂಗಳು ನಾನು ಅವರ ಅಂಗಳಕ್ಕೆ ಕಾಲಿಡಲಿಲ್ಲ.

೨೦೧೧ರ ದೀಪಾವಳಿ ಮುಗಿದ ಮೇಲೆ ಇನ್‌ಸ್ಪೆಕ್ಟರುಗಳ ವರ್ಷದ ಕಣ್ಣು ಪರೀಕ್ಷೆ ನಡೆಯಿತು. ಮನ್ಮಥಪ್ಪನವರ ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿತ್ತು. ಕನ್ನಡಕದಿಂದ ಸರಿಹೋಗುವಂಥದ್ದಲ್ಲ, ಗಾಡಿ ಹೊಡೆಯುವುದನ್ನೂ ಬಿಡಿ ಎಂದು ಡಾಕ್ಟರು ಹೇಳಿದರು. ಮುದ್ರೆ ವಾಪಸು ಹೋಯಿತು, ಅವರನ್ನು ಸ್ಟೋರ್ಸಿಗೆ ಹಾಕಿದರು. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು.

ಇದನ್ನು ಅವರು ಮನೆಯಲ್ಲಿ ಹೇಳಲಿಲ್ಲ. ಸಾಮಾನು ತರಲು ಸ್ಟೋರ್ಸಿಗೆ ಹೋದ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, "ಚನ್ನಿಗೆ ತಿಳೀಬಾರದು ನೋಡು, ಗೋವಿಂದಾ. ಆಕಿಗೆ ತಿಳಿದರ ಗಾಡಿ ಮುಟ್ಟಗೊಡೂದಿಲ್ಲ" ಎಂದರು. ಮುದ್ರೆ ಹೋದದ್ದಕ್ಕೆ ಗೊಣಗದ ಮನುಷ್ಯ ಗಾಡಿಯ ಮಾತು ಬಂದಾಗ ನನ್ನ ಕೈ ಹಿಡಿದುಕೊಂಡರು. ನನಗೆ ಪಾಪ ಅನ್ನಿಸಿತು. ಮನೆಗೆ ಹೋಗಿ ನನ್ನ ಹೆಂಡತಿ ಗುಣವತಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಕಾಲೊನಿಯಲ್ಲಿ ಹೀಗೆ ಹೇಳಿದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಗೊತ್ತಿದ್ದೂ ಹೇಳಿದೆ.

ಡಿಸೆಂಬರಿನಲ್ಲಿ ಔರಂಗಾಬಾದಿನಲ್ಲಿದ್ದ ಮನ್ಮಥಪ್ಪನವರ ಮಗಳು ಶರ್ಮಿಳಾಳ ಕೂಸಿಗೆ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡರು. ಅಲ್ಲಿಗೆ ಯೇವಲಾ, ವೈಜಾಪುರದ ಮೇಲೆ ನೂರೆಂಬತ್ತು ಕಿಲೋಮೀಟರು. ಪ್ರತಿ ವರ್ಷ ಗಂಡ ಹೆಂಡತಿ ಗಾಡಿಯ ಮೇಲೇ ಹೋಗಿಬರುತ್ತಿದ್ದರು. ಈ ಸಲವೂ ಹಾಗೇ ಎಂದು ಮನ್ಮಥಪ್ಪನವರು ಹಟ ಹಿಡಿದರು. ಈ ಒಂದು ಸವಾರಿ ನೆಟ್ಟಗಾದರೆ ಡಾಕ್ಟರ ಮಾತು ಸುಳ್ಳಾಗುತ್ತದೆ ಎಂದುಕೊಂಡಿದ್ದರೋ ಏನೋ. ಮುಂದಿನ ಶಾಕಪ್ಪಿನಿಂದ ಎಣ್ಣೆ ಒಸರುತ್ತಿತ್ತು, ಸೈಲೆನ್ಸರ್ ಮತ್ತೆ ತೂತಾಗಿತ್ತು. ಹೊರಡುವ ಹಿಂದಿನ ದಿನ, ಶನಿವಾರ, ಬೆಳಿಗ್ಗೆಯೇ ನನ್ನನ್ನು ಕರೆದರು.

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮುಂದಿನ ಗಾಲಿ ಬಿಚ್ಚಿದರು, ಶಾಕಪ್ಪಿನ ಕೊಳವೆಗಳನ್ನು ಇಳಿಸಿದರು. ಹಳೇ ರಬ್ಬರ್ ಸೀಲು ತೆಗೆದು ಹೊಸದನ್ನು ಪೈಪಿನ ತುಂಡಿನಿಂದ ಮೆಲ್ಲಗೆ ಬಡಿದು ಕೂಡಿಸಿದರು. ಎಣ್ಣೆ ಅಳೆಯುವಾಗ ಸ್ಕೇಲನ್ನು ಬಿಸಿಲಿಗೆ ಹಿಡಿದು ಮೂಗಿನ ಹತ್ತಿರ ತಂದುಕೊಂಡರು. ಕೈ ಮಾತ್ರ ಮೊದಲಿನಂತೆಯೇ ಓಡಾಡುತ್ತಿತ್ತು. ಅದನ್ನು ನೋಡಿ ನನಗೂ ಧೈರ್ಯ ಬಂತು, ಎಲ್ಲ ಸರಿಯಾಗೇ ಇದೆ ಎಂದುಕೊಂಡೆ. ಹತ್ತೊಂಬತ್ತು ವರ್ಷ ನಮ್ಮೆಲ್ಲರ ಕೆಲಸ ನೋಡಿದವರ ಕೆಲಸವನ್ನು ನಾನೇನು ನೋಡುವುದು?

ಮೂರು ಗಂಟೆಗೆ ಮುಗಿಯಿತು. ಅವರು ನೋಟ್‌ಬುಕ್ಕು ತೆಗೆದುಕೊಂಡು ಅಡಿಗೆಮನೆ ಬಾಗಿಲಿಗೆ ಹೋದರು. ವೈನಿ ಪೆನ್ನು ತೆಗೆದುಕೊಳ್ಳಲಿಲ್ಲ. ಅಂಗಳಕ್ಕೆ ಇಳಿದು ಬಂದು ಗಾಡಿಯ ಸುತ್ತ ನಿಧಾನ ತಿರುಗಿದರು, ಸೀರೆ ಎತ್ತಿಕೊಂಡು ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಆಮೇಲೆ ಮುಂದಿನ ಗಾಲಿಯ ಹತ್ತಿರ.

"ರೀ, ಹಿಂದಿನ ಗಾಲಿ ನಟ್ಟಿನಾಗ ಅಡ್ಡ ಒಂದು ಪಿನ್ನು ಅದ. ಮುಂದಿನದರಾಗ ಬರೇ ತೂತು ಅದ, ಯಾಕ?"

ನಾನು ಬಗ್ಗಿ ನೋಡಿದೆ. ನಟ್ಟು ಸಡಿಲಾಗಿ ಗಾಲಿ ಕಳಚದಂತೆ ತಡೆಯುವ ಪಿನ್ನು ಅದು. ಹಾಕಿರಲಿಲ್ಲ. ಖರಾಬ್ ರಸ್ತೆಯ ಮೇಲೆ ನೂರೆಂಬತ್ತು ಕಿಲೋಮೀಟರು, ಹಿಂದೆ ಹೆಂಡತಿ.

ಮನ್ಮಥಪ್ಪನವರು ಬೆರಳಿನಿಂದ ನಟ್ಟು ಮುಟ್ಟಿ ನೋಡಿದರು. ತಪ್ಪು ಕೈಗೆ ಸಿಕ್ಕಿತು, ಸಿಟ್ಟು ಮಾತ್ರ ಹೆಂಡತಿಯ ಮೇಲೆ ಬಂತು.

"ಹಾಕತೀನಿ, ಏನು ದೊಡ್ಡದು? ಹದಿನಾಕು ವರ್ಷ ಸುಮ್ಮ ಸಹಿ ಮಾಡಿದಾಕಿ, ಇವತ್ತೇನು ಬಂತು ನಿನಗ?"

"ಹದಿನಾಕು ವರ್ಷ ನಾ ಒಮ್ಮೆನೂ ನೋಡಿಲ್ರಿ," ಎಂದರು ವೈನಿ. "ಸುಮ್ಮ ಹೆಸರು ಬರೀತಿದ್ದೆ. ಅವಾಗ ನಿಮಗ ಕಣ್ಣು ಇದ್ದೂ. ನಾ ಯಾಕ ನೋಡಬೇಕಿತ್ತು?"

ಕಣ್ಣಿನ ವಿಷಯ ಅವರಿಗೆ ಗೊತ್ತಿದೆ ಎಂಬುದು ಆಗ ಬಯಲಾಯಿತು. ಮನ್ಮಥಪ್ಪನವರು ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ನೋಟ್‌ಬುಕ್ಕು ಬಿಡಿಸಿ ಹಾಳೆ ತಿರುವುತ್ತ ಹೋದರು. ಪುಟ ಪುಟಕ್ಕೂ ಹೆಂಡತಿಯ ಸಹಿ. ನೋಡದೆ ಒತ್ತಿದ ಒಂದು ಮುದ್ರೆಗೆ ಗೆಳೆಯನನ್ನು ಕಳೆದುಕೊಂಡವರು ಅವರು. ಆ ಹಾಳೆಗಳಲ್ಲಿ ಅವರಿಗೆ ಏನು ಕಾಣಿಸಿತೋ ನಾನು ಕೇಳಲಿಲ್ಲ.

ಹೊಸ ಹಾಳೆ ತೆಗೆದು ಪೆನ್ನು ಹಿಡಿದು, "ಮತ್ತೇನೇನು ಅದ ನೋಡಿ ಹೇಳು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಶಾಪಿನಲ್ಲಿ ಕಾರ್ಡು ಹಿಡಿದು ಮಾತಾಡುವಾಗಿನ ದನಿ ಅದು.

"ನನಗೇನು ತಿಳೀತದರೀ..."

"ಒಂದು ಬಾಜೂದಾಗ ಹ್ಯಾಂಗ ಅದನೋ ಇನ್ನೊಂದು ಬಾಜೂದಾಗೂ ಹಂಗ ಇರಬೇಕು. ಇಲ್ಲಂದ್ರ ಹೇಳು."

ವೈನಿ ಮತ್ತೆ ಕೂತರು. ಎರಡು ಕೊಳವೆಗಳ ಮೇಲೂ ಬೆರಳು ಎಳೆದರು. ಎಡಗಡೆ ಬೆರಳಿಗೆ ಎಣ್ಣೆ ಹತ್ತಿತು. ಹೊಸ ಸೀಲಿನ ಅಂಚು ಕೂಡಿಸುವಾಗಲೇ ಹರಿದಿತ್ತು. ಆಮೇಲೆ ಸೈಲೆನ್ಸರಿನ ತಗಡಿನ ಪಟ್ಟಿ ನೋಡಿದರು. ಕ್ಲಿಪ್ಪು ಬಿಗಿಯಾಗಿಯೇ ಇತ್ತು, ಆದರೆ ಪಟ್ಟಿ ತೂತಿನ ಮೇಲೆ ಕೂತಿರಲಿಲ್ಲ, ಎರಡು ಬೆರಳು ಆಚೆ ಕೂತಿತ್ತು. ಒಂದೊಂದು ಹೇಳುವಾಗಲೂ ವೈನಿಯ ದನಿ ಇಳಿಯುತ್ತಿತ್ತು. ಮೂರನೆಯದಕ್ಕೆ ಅವರು ಅಳುತ್ತಿದ್ದರು. ಮನ್ಮಥಪ್ಪನವರು ಪ್ರತಿಯೊಂದಕ್ಕೂ "ಹ್ಞೂಂ" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದ್ದವು.

ಬರೆದು ಮುಗಿಸಿ ಎದ್ದು ಕೈ ತೊಳೆದುಕೊಂಡರು. ಗಾಡಿಯ ಕೀಲಿ ತಂದು ನನ್ನ ಕೈಗಿಟ್ಟರು.

"ಇಲ್ಲೇ ಬಾಜೂಕ ಪಿಂಪಳಗಾಂವ್‌ದಾಗ ಯಾರರೆ ತಗೊಂಡಾರು. ಮಾರಿಬಿಡು."

"ಸಾಹೇಬ್ರ, ಈ ಮೂರನ್ನ ನಾ ಸರಿ ಮಾಡಿಕೊಡತೀನ್ರಿ," ಎಂದೆ.

"ಮೂರು ಆಕಿಗೆ ಕಂಡಿದ್ದು," ಎಂದರು. "ಆಕಿಗೆ ಕಾಣದ್ದು ಎಷ್ಟವನೋ ಯಾರಿಗ್ಗೊತ್ತು? ಮಾಡಿದಂವಗ ಕಣ್ಣಿಲ್ಲಂತ ತಗೊಳ್ಳೋರಿಗೆ ಮದಲ ಹೇಳು. ಹೇಳದ ಮಾರಬ್ಯಾಡ."